ಹಳೆಯ ಕಾರಿನ ಹೆಡ್‌ಲೈಟಿಗೆ ರಿಲೇ: ಯಾವ ದಾರಿ ಯಾರಿಗೆ ಸರಿ

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ನಂತಹ ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಲ್ಲಿ ಅನೇಕರು ಕತ್ತಲಾದ ಮೇಲೆ ಊರ ಹೊರಗೆ ಕಾರು ತೆಗೆಯುವುದಿಲ್ಲ. ಎಂಜಿನ್ನು, ಬ್ರೇಕು ಎಲ್ಲವೂ ಚೆನ್ನಾಗಿದ್ದರೂ ಹೆಡ್‌ಲೈಟಿನ ಬೆಳಕು ಸಾಲದು ಎಂಬುದೇ ಅದಕ್ಕೆ ಕಾರಣ. ನನ್ನ 1986ರ ಪದ್ಮಿನಿಯಲ್ಲಿ ಒಂದು ಮಳೆಗಾಲದ ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಇದು ನನಗೆ ಚೆನ್ನಾಗಿ ಮನವರಿಕೆಯಾಯಿತು. ತಿರುವಿನ ಅಂಚಿಗೆ ಸುಣ್ಣ ಬಳಿದು ನಿಲ್ಲಿಸಿದ ಕಲ್ಲುಗಳು ತೀರ ಹತ್ತಿರ ಹೋದ ಮೇಲಷ್ಟೇ ಕಾಣುತ್ತಿದ್ದವು. ವೈಪರ್ ಹಾಕಿದೊಡನೆ ದೀಪದ ಬೆಳಕು ಇನ್ನಷ್ಟು ಕೆಂಪಗಾಗುತ್ತಿತ್ತು. ಮರುವಾರ ಕೇಳಿದವರೆಲ್ಲರೂ ಒಂದೊಂದು ಸಲಹೆ ಕೊಟ್ಟರು. ದೊಡ್ಡ ಬಲ್ಬ್ ಹಾಕಿಸಿ ಎಂದು ಒಬ್ಬರು, ಸಿದ್ಧ ರಿಲೇ ಕಿಟ್ (ಬಲ್ಬಿಗೆ ಬ್ಯಾಟರಿಯಿಂದಲೇ ಕರೆಂಟು ಹರಿಸುವ ಸ್ವಿಚ್ಚಿನ ಜೋಡಣೆ) ಸಿಗುತ್ತದೆ ಎಂದು ಇನ್ನೊಬ್ಬರು, ಎಲ್‌ಇಡಿ ಹಾಕಿದರೆ ಯಾವ ತಾಪತ್ರಯವೂ ಇಲ್ಲ ಎಂದು ಮತ್ತೊಬ್ಬರು. ಈ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

ಬೆಳಕು ಎಲ್ಲಿ ಸೋರಿಹೋಗುತ್ತದೆ

ಹಳೆಯ ಕಾರಿನಲ್ಲಿ ಹೆಡ್‌ಲೈಟಿಗೆ ಬೇಕಾದ ಅಷ್ಟೂ ಕರೆಂಟು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ, ಎಂದರೆ ಸ್ಟೀರಿಂಗ್ ಪಕ್ಕದ ಕಡ್ಡಿಗೋ ಹಳೆಯ ಅಂಬಾಸಿಡರ್‌ಗಳಲ್ಲಿ ಕಾಲಿನಿಂದ ಒತ್ತುವ ನೆಲದ ಗುಂಡಿಗೋ ಹೋಗಿ, ಮತ್ತೆ ಮುಂದಕ್ಕೆ ಹರಿದು ಬಲ್ಬನ್ನು ತಲುಪುತ್ತದೆ. ಈ ಸುತ್ತಿನ ಪ್ರತಿಯೊಂದು ಕೀಲಿನಲ್ಲೂ ಮೂವತ್ತು ನಲವತ್ತು ವರ್ಷಗಳ ಕಿಲುಬು ಕೂತಿರುತ್ತದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಪ್ರತಿ ಮೀಟರಿಗೆ ಸುಮಾರು 0.017 ಓಮ್ ಪ್ರತಿರೋಧವಿರುತ್ತದೆ. ಐದು ಮೀಟರ್ ದಾರಿಯಲ್ಲಿ 10 ಆಂಪಿಯರ್ ಹರಿದರೆ ತಂತಿಯೊಂದರಲ್ಲೇ ಸುಮಾರು 0.85 ವೋಲ್ಟ್ ಕಳೆದುಹೋಗುತ್ತದೆ. ಕಿಲುಬು ಹಿಡಿದ ಸ್ವಿಚ್ಚು, ಸಡಿಲವಾದ ಲಗ್ಗು (ತಂತಿಯ ತುದಿಯ ಲೋಹದ ಕೊಂಡಿ), ತುಕ್ಕು ಹಿಡಿದ ಅರ್ಥ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ) ಇವುಗಳ ಪಾಲು ಬೇರೆ.

ವೋಲ್ಟೇಜು ಸ್ವಲ್ಪ ಇಳಿದರೆ ಬೆಳಕೂ ಸ್ವಲ್ಪವೇ ಇಳಿಯುತ್ತದೆ ಎಂದು ಭಾವಿಸುವುದು ಸಹಜ, ಆದರೆ ತಂತುವಿನ ಬಲ್ಬಿನಲ್ಲಿ ಹಾಗಾಗುವುದಿಲ್ಲ. ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುತ್ತದೆ. ಹೀಗಾಗಿ ವೋಲ್ಟೇಜಿನಲ್ಲಿ ನೂರಕ್ಕೆ ಐದು ಕಡಿಮೆಯಾದರೆ ಬೆಳಕಿನಲ್ಲಿ ನೂರಕ್ಕೆ ಹದಿನಾರು, ಹತ್ತು ಕಡಿಮೆಯಾದರೆ ಬೆಳಕಿನಲ್ಲಿ ನೂರಕ್ಕೆ ಮೂವತ್ತು ಕೈಬಿಡುತ್ತದೆ. ಘಾಟಿಯಲ್ಲಿ ನಾನು ಕಂಡ ಕೆಂಪು ಬೆಳಕಿನ ಗುಟ್ಟು ಇಷ್ಟೇ.

ಯಾವ ದಾರಿ ಹಿಡಿಯುವುದಕ್ಕೂ ಮೊದಲು ಮಲ್ಟಿಮೀಟರಿನಿಂದ ಒಂದು ಅಳತೆ ತೆಗೆದುಕೊಳ್ಳಲೇಬೇಕು. ಎಂಜಿನ್ ಓಡುತ್ತಿರಲಿ, ಹೈ ಬೀಮ್ (ದೂರದ ಬೆಳಕು) ಉರಿಯುತ್ತಿರಲಿ, ಬಲ್ಬಿನ ಹೋಲ್ಡರ್ ತನ್ನ ಜಾಗದಲ್ಲೇ ಇರಲಿ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಬಲ್ಬಿನ ಹೈ ಬೀಮ್ ಪಿನ್ನಿಗೆ ಹೋಲ್ಡರಿನ ಹಿಂಬದಿಯಿಂದ ತಾಗಿಸಿದರೆ, ಹೋಗುವ ದಾರಿಯಲ್ಲಿ ಕಳೆದ ವೋಲ್ಟೇಜು ನೇರವಾಗಿ ಕಾಣುತ್ತದೆ. ಬಲ್ಬಿನ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದರೆ ಹಿಂದಿರುಗುವ ದಾರಿಯ ನಷ್ಟ ಸಿಗುತ್ತದೆ. ಎರಡೂ ಸೇರಿ ಅರ್ಧ ವೋಲ್ಟಿನೊಳಗಿದ್ದರೆ ಆ ಕಾರಿಗೆ ರಿಲೇಯ ತುರ್ತು ಇಲ್ಲ.

ನನ್ನ ಕಾರಿನಲ್ಲಿ ಬ್ಯಾಟರಿಯ ಬಳಿ 13.8 ವೋಲ್ಟ್ ಇದ್ದರೆ ಬಲ್ಬಿಗೆ ಸಿಗುತ್ತಿದ್ದದ್ದು 11.6 ಮಾತ್ರ. ಕಳೆದ 2.2 ವೋಲ್ಟಿನಲ್ಲಿ 1.5 ಸ್ವಿಚ್ಚು ಮತ್ತು ತಂತಿಗಳ ಪಾಲು, 0.7 ಅರ್ಥ್‌ನ ಪಾಲು. ಎರಡು ಬಲ್ಬಿಗೆ 10 ಆಂಪಿಯರ್ ಎಂದು ಹಿಡಿದರೆ 22 ವಾಟ್ ಶಕ್ತಿ ಬೆಳಕಾಗದೆ ದಾರಿಯಲ್ಲೇ ಶಾಖವಾಗುತ್ತಿತ್ತು. ರೇಡಿಯೋ ರಿಪೇರಿಯವರು ಬಳಸುವ 25 ವಾಟಿನ ಸಾಲ್ಡರಿಂಗ್ ಕಡ್ಡಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಕಂಡವರಿಗೆ, ಅಷ್ಟು ಶಾಖ ಡ್ಯಾಶ್‌ಬೋರ್ಡಿನ ಹಿಂದಿನ ಹಳೆಯ ವೈರಿಂಗಿನಲ್ಲಿ ಹರಡಿಕೊಂಡಿದೆ ಎಂದರೆ ಏನೆಂದು ವಿವರಿಸಬೇಕಿಲ್ಲ.

ಮೊದಲ ದಾರಿ: ಇರುವುದನ್ನೇ ಸರಿಪಡಿಸುವುದು

ಇದು ಅತ್ಯಂತ ಅಗ್ಗದ ದಾರಿ, ಮತ್ತು ಉಳಿದ ಯಾವ ದಾರಿ ಹಿಡಿದರೂ ಮೊದಲು ಮಾಡಲೇಬೇಕಾದ ಕೆಲಸ. ಹೆಡ್‌ಲೈಟಿನ ಅರ್ಥ್ ತಂತಿ ಬಾಡಿಗೆ ಸೇರುವ ಸ್ಕ್ರೂ ಬಿಚ್ಚಿ, ಅದರ ಕೆಳಗಿನ ಬಣ್ಣ ಮತ್ತು ತುಕ್ಕನ್ನು ಮರಳುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಹೊಸ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಪಟ್ಟಿಗಳನ್ನೂ ಹಾಗೆಯೇ ನೋಡಬೇಕು. ನನ್ನ ಕಾರಿನಲ್ಲಿ ಇಷ್ಟರಿಂದಲೇ ಅರ್ಥ್‌ನ ನಷ್ಟ 0.7ರಿಂದ 0.1 ವೋಲ್ಟಿಗೆ ಇಳಿಯಿತು. ಲೆಕ್ಕದ ಪ್ರಕಾರ ಬೆಳಕು ನೂರಕ್ಕೆ ಹತ್ತೊಂಬತ್ತರಷ್ಟು ಹೆಚ್ಚಿತು. ಖರ್ಚಾದದ್ದು ಒಂದು ಭಾನುವಾರದ ಬೆಳಗು.

ರಿಫ್ಲೆಕ್ಟರನ್ನೂ ಇದೇ ಹೊತ್ತಿಗೆ ಪರೀಕ್ಷಿಸಬೇಕು. ಒಳಗಿನ ಬೆಳ್ಳಿಯ ಹೊಳಪು ಮಾಸಿ ಬೂದುಬಣ್ಣಕ್ಕೆ ತಿರುಗಿದ್ದರೆ ಎಂತಹ ರಿಲೇ ಹಾಕಿದರೂ ಪ್ರಯೋಜನವಿಲ್ಲ. ಬಟ್ಟೆಯಿಂದ ಒರೆಸಲು ಹೋದರೆ ಉಳಿದ ಲೇಪವೂ ಎದ್ದುಬರುತ್ತದೆ. ಅಂತಹ ದೀಪವನ್ನು ಬದಲಿಸುವುದೇ ಸರಿ. ಬದಲಿಸುವಾಗ ಗಾಜನ್ನು ಗಮನಿಸಿ. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಲೋ ಬೀಮಿನ (ಹತ್ತಿರದ ಬೆಳಕಿನ) ಅಂಚು ಎಡಕ್ಕೆ ಏರಬೇಕು. ಯುರೋಪಿನಿಂದಲೋ ಅಮೆರಿಕದಿಂದಲೋ ನೆಂಟರ ಕೈಲಿ ತರಿಸಿಕೊಂಡ ಸುಂದರವಾದ ದೀಪ ಬಲಕ್ಕೆ ಬೆಳಕೆತ್ತುವಂಥದ್ದಾಗಿದ್ದರೆ, ಅದು ಎದುರಿನಿಂದ ಬರುವವರ ಕಣ್ಣಿಗೇ ಬೀಳುತ್ತದೆ.

ಎರಡನೆಯ ದಾರಿ: ಹಳೆಯ ತಂತಿಗೇ ಹ್ಯಾಲೊಜನ್ ಬಲ್ಬ್

ಹಳೆಯ ದೀಪಗಳಲ್ಲಿ ಸಾಮಾನ್ಯವಾಗಿದ್ದದ್ದು 45/40 ವಾಟಿನ ಬಲ್ಬು, ಎಂದರೆ ಹೈ ಬೀಮಿಗೆ 45, ಲೋ ಬೀಮಿಗೆ 40 ವಾಟ್. ಎರಡು ಬಲ್ಬಿನ ಹೈ ಬೀಮಿಗೆ 7.5 ಆಂಪಿಯರ್ ಸಾಕು, ಮತ್ತು ಆ ಕಾಲದ ತಂತಿ, ಸ್ವಿಚ್ಚುಗಳನ್ನು ಅಷ್ಟಕ್ಕೇ ಲೆಕ್ಕ ಹಾಕಿ ಕೂರಿಸಲಾಗಿತ್ತು. ಯುರೋಪಿನಲ್ಲಿ 1971ರಲ್ಲಿ ಬಂದ ಎಚ್4 ಹ್ಯಾಲೊಜನ್ ಬಲ್ಬು 60/55 ವಾಟಿನದು, 13.2 ವೋಲ್ಟಿನಲ್ಲಿ ಅದರ ನಿಗದಿತ ಬೆಳಕು ಹೈ ಬೀಮಿನಲ್ಲಿ 1650 ಲೂಮೆನ್, ಲೋ ಬೀಮಿನಲ್ಲಿ 1000 ಲೂಮೆನ್. ಹಳೆಯ ಬಲ್ಬಿನ ಬುಡಕ್ಕೇ ಹೊಂದುವ ಹ್ಯಾಲೊಜನ್ ಬಲ್ಬುಗಳೂ ಸಿಗುತ್ತವೆ, ಏಳು ಇಂಚಿನ ದುಂಡು ದೀಪವನ್ನು ಇಡಿಯಾಗಿ ಎಚ್4 ದೀಪಕ್ಕೆ ಬದಲಿಸಲೂ ಬರುತ್ತದೆ. ನಾನು ಎರಡನೆಯದನ್ನು ಮೆಚ್ಚುತ್ತೇನೆ, ಏಕೆಂದರೆ ಬಲ್ಬು ಮತ್ತು ರಿಫ್ಲೆಕ್ಟರ್ ಒಂದಕ್ಕೊಂದು ಹೇಳಿ ಮಾಡಿಸಿದಂತಿರುತ್ತವೆ.

ಆದರೆ ಕರೆಂಟು ಮೂರನೇ ಒಂದರಷ್ಟು ಹೆಚ್ಚಿದಾಗ ತಂತಿಯಲ್ಲಿ ಹುಟ್ಟುವ ಶಾಖ ವರ್ಗದ ಲೆಕ್ಕದಲ್ಲಿ, ಎಂದರೆ ಸುಮಾರು 1.8 ಪಟ್ಟು ಹೆಚ್ಚುತ್ತದೆ. ನನ್ನ ಕಾರಿನಲ್ಲಿ ಹಿಂದೆಂದೋ ಇದೇ ದಾರಿ ಹಿಡಿದಿದ್ದರು. ಮೇಲೆ ಹೇಳಿದ 2.2 ವೋಲ್ಟ್ ನಷ್ಟ ಅದರ ಫಲ. ಸ್ವಿಚ್ಚನ್ನು ಬಿಚ್ಚಿದಾಗ ತಾಮ್ರದ ಪಟ್ಟಿಯ ಪಕ್ಕದ ಕಂದು ಬಣ್ಣದ ಫೈಬರ್ ಒಂದು ಅವರೆಕಾಳಿನಷ್ಟಗಲ ಕಪ್ಪಾಗಿ ಸುಟ್ಟು, ಉಗುರು ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಪೇಟೆಯೊಳಗೆ ಅಪರೂಪಕ್ಕೆ ದೀಪ ಹಾಕುವವರಿಗೆ, ಅಳತೆಯಲ್ಲಿ ನಷ್ಟ ಕಡಿಮೆಯಿದ್ದವರಿಗೆ ಈ ದಾರಿ ನಡೆದೀತು. ಗಂಟೆಗಟ್ಟಲೆ ದೀಪ ಉರಿಸುವವರಿಗೆ ನಾನು ಇದನ್ನು ಹೇಳಲಾರೆ, ಏಕೆಂದರೆ ಹಳೆಯ ಪದ್ಮಿನಿ, ಅಂಬಾಸಿಡರ್‌ಗಳ ಸ್ವಿಚ್ಚು ಸುಟ್ಟರೆ ಅಸಲಿ ಬದಲಿ ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ.

ಮೂರನೆಯ ದಾರಿ: ರಿಲೇ

ರಿಲೇ ಎಂದರೆ ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಹರಿಸುವ, ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚು. ಹಳೆಯ ಡಿಪ್ಪರಿನಿಂದ ಬರುವ ತಂತಿ ಇನ್ನು ಬಲ್ಬನ್ನು ಉರಿಸುವುದಿಲ್ಲ. ರಿಲೇಯ ಸುರುಳಿಯನ್ನಷ್ಟೇ ಎಬ್ಬಿಸುತ್ತದೆ. ಅದಕ್ಕೆ ಬೇಕಾದ ಕರೆಂಟು ಸುಮಾರು 0.15 ಆಂಪಿಯರ್. 10 ಆಂಪಿಯರ್ ಹೊರುತ್ತಿದ್ದ ಸ್ವಿಚ್ಚಿಗೆ ಇದು ಲೆಕ್ಕಕ್ಕೇ ಇಲ್ಲ. ಬಲ್ಬಿನ ಕರೆಂಟು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ, ಬಾನೆಟ್ಟಿನ ಒಳಗೇ, ಹತ್ತಿರದ ದಾರಿಯಲ್ಲಿ ಹರಿಯುತ್ತದೆ. ರಿಲೇಯ ಕಾಲುಗಳ ಮೇಲೆ ಜರ್ಮನ್ ಮಾನಕದ ಸಂಖ್ಯೆಗಳಿರುತ್ತವೆ: 85 ಮತ್ತು 86 ಸುರುಳಿಯವು, 30 ಬ್ಯಾಟರಿಯಿಂದ ಬರುವುದು, 87 ಬಲ್ಬಿಗೆ ಹೋಗುವುದು. ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಎಂದಿದ್ದರೆ, ರಿಲೇ ಎಬ್ಬಿಸದಿದ್ದಾಗ ಅಲ್ಲಿಗೆ ಕರೆಂಟು ಹರಿಯುತ್ತಿರುತ್ತದೆ. ಅರಿಯದೆ ಅದಕ್ಕೆ ತಂತಿ ಕೊಟ್ಟು, ಕಾರು ನಿಲ್ಲಿಸಿದ ಮೇಲೂ ದೀಪ ಆರದೆ ಬ್ಯಾಟರಿ ಇಳಿಸಿಕೊಂಡವರಿದ್ದಾರೆ. ಈ ಕೆಲಸಕ್ಕೆ ನಾಲ್ಕು ಕಾಲಿನ, 30 ಆಂಪಿಯರಿನ, ಹೆಸರಾಂತ ಕಂಪನಿಯ ರಿಲೇ ಸಾಕು. ತಣ್ಣಗಿರುವ ಬಲ್ಬು ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿನ ಹತ್ತರಷ್ಟರವರೆಗೆ ಕರೆಂಟು ಎಳೆಯುವುದರಿಂದ, ಅಗ್ಗದ ರಿಲೇಯ ಸಂಪರ್ಕಗಳು ಬೆಸೆದುಕೊಂಡುಬಿಡುವ ಸಂಭವವಿದೆ.

ಇಲ್ಲಿ ಇರುವ ಆಯ್ಕೆ ಸಿದ್ಧ ಕಿಟ್ಟು ಮತ್ತು ಕೈಯಿಂದ ಕಟ್ಟಿದ ಕಿಟ್ಟುಗಳ ನಡುವೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಬೀದಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ಸಿದ್ಧ ಕಿಟ್ಟಿನಲ್ಲಿ ಎರಡು ರಿಲೇ, ಎರಡು ಎಚ್4 ಹೋಲ್ಡರು, ಬ್ಯಾಟರಿಗೆ ಕಟ್ಟುವ ತಂತಿ, ಫ್ಯೂಸು ಎಲ್ಲವೂ ಇರುತ್ತವೆ. ಕಾರಿನ ಒಂದು ಬದಿಯ ಹಳೆಯ ಹೋಲ್ಡರನ್ನು ಕಿಟ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ರಿಲೇಗಳಿಗೆ ಬೇಕಾದ ಸೂಚನೆಯ ಕರೆಂಟು ಸಿಗುತ್ತದೆ, ಇನ್ನೊಂದು ಬದಿಯ ಹೋಲ್ಡರನ್ನು ಟೇಪು ಸುತ್ತಿ ಹಾಗೆಯೇ ಬಿಡಬಹುದು. ಅಸಲಿ ವೈರಿಂಗನ್ನು ಎಲ್ಲಿಯೂ ಕತ್ತರಿಸಬೇಕಿಲ್ಲ, ಎಂದಾದರೂ ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ಕಳಚಿ ಕಾರನ್ನು ಮೊದಲಿನ ಸ್ಥಿತಿಗೆ ತರಬಹುದು. ಹಳೆಯ ಕಾರನ್ನು ಅಸಲಿಯಾಗಿ ಉಳಿಸಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಸಿದ್ಧ ಕಿಟ್ಟುಗಳ ದೌರ್ಬಲ್ಯ ತಂತಿಯಲ್ಲಿದೆ. ಹೊರಗಿನ ಪ್ಲಾಸ್ಟಿಕ್ಕು ದಪ್ಪವಾಗಿ, ಒಳಗಿನ ಲೋಹ ದಾರದಷ್ಟೇ ಇರುವ ಕಿಟ್ಟುಗಳನ್ನು ನಾನು ಕಂಡಿದ್ದೇನೆ. ತುದಿಯಲ್ಲಿ ಒಂದು ಎಳೆಯನ್ನು ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಎರಡನೆಯದನ್ನು ಕೊಳ್ಳಬೇಡಿ. ಎರಡು ಬಲ್ಬಿನ ಅರ್ಥ್‌ಗಳನ್ನೂ ಒಂದೇ ತೆಳು ತಂತಿಗೆ ಸೇರಿಸಿ ಒಂದು ಪುಟ್ಟ ಉಂಗುರದಲ್ಲಿ ಮುಗಿಸುವುದು ಇನ್ನೊಂದು ಸಾಮಾನ್ಯ ದೋಷ. ಹೋಗುವ ದಾರಿಯನ್ನು ಹೆದ್ದಾರಿ ಮಾಡಿ ಹಿಂದಿರುಗುವ ದಾರಿಯನ್ನು ಕಾಲುದಾರಿಯಾಗಿಯೇ ಉಳಿಸಿದರೆ ಅರ್ಧ ಕೆಲಸ ವ್ಯರ್ಥವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಫ್ಯೂಸಿನ ಬಗ್ಗೆ. ಹಲವು ಕಿಟ್ಟುಗಳಲ್ಲಿ ಇಡೀ ವ್ಯವಸ್ಥೆಗೆ ಒಂದೇ ಫ್ಯೂಸು ಇರುತ್ತದೆ. ಒಂದು ಬದಿಯ ತಂತಿ ಎಲ್ಲಿಯೋ ಉಜ್ಜಿ ಬಾಡಿಗೆ ತಾಗಿದರೂ ಆ ಫ್ಯೂಸು ಹೋಗಿ, ಎರಡೂ ದೀಪಗಳು ಒಂದೇ ಕ್ಷಣದಲ್ಲಿ ಆರಿಹೋಗುತ್ತವೆ. ಆಗುಂಬೆಯ ತಿರುವಿನಲ್ಲಿ ಆ ಕ್ಷಣವನ್ನು ಊಹಿಸಿಕೊಂಡರೆ ಸಾಕು. ಲ್ಯೂಕಾಸ್ ಕಂಪನಿಯ ವೈರಿಂಗಿನ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇಲ್ಲದಿರುವುದಕ್ಕೆ ಇದೇ ಭಯ ಕಾರಣವಿದ್ದೀತು, ಆದರೆ ಫ್ಯೂಸಿಲ್ಲದೆ ಬ್ಯಾಟರಿಯಿಂದ ದಪ್ಪ ತಂತಿ ಎಳೆಯುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ನನ್ನ ತೀರ್ಮಾನ ಸ್ಪಷ್ಟವಾಗಿದೆ: ಎಡ ಮತ್ತು ಬಲ ದೀಪಗಳ ಲೋ ಬೀಮಿಗಾದರೂ 10 ಆಂಪಿಯರಿನ ಬೇರೆ ಬೇರೆ ಫ್ಯೂಸು ಇರಲೇಬೇಕು, ಬ್ಯಾಟರಿಯ ಹತ್ತಿರ ಒಂದು ಗೇಣಿನೊಳಗೆ 30 ಆಂಪಿಯರಿನ ಮುಖ್ಯ ಫ್ಯೂಸು ಇರಬೇಕು. ಇದೊಂದೇ ಕಾರಣಕ್ಕೆ ನಾನು ಕೊನೆಗೆ ಕೈಯಿಂದ ಕಟ್ಟಿದ ಕಿಟ್ಟನ್ನೇ ಆರಿಸಿಕೊಂಡೆ.

ಕೈಯಿಂದ ಕಟ್ಟುವವರು ಮುಖ್ಯ ತಂತಿಗೆ 4 ಚದರ ಮಿಲಿಮೀಟರ್, ಪ್ರತಿ ಬಲ್ಬಿಗೂ ಅದರ ಅರ್ಥ್‌ಗೂ 2.5 ಚದರ ಮಿಲಿಮೀಟರ್ ತಾಮ್ರದ ವಾಹನ ತಂತಿ ಬಳಸಬೇಕು. ಮನೆಯ ವೈರಿಂಗಿನ ಗಟ್ಟಿ ಎಳೆಯ ತಂತಿ ಎಂಜಿನ್ನಿನ ನಡುಕಕ್ಕೆ ಮುರಿಯುತ್ತದೆ. ಹೋಲ್ಡರು ಪಿಂಗಾಣಿಯದಾದರೆ ಬಲ್ಬಿನ ಶಾಖವನ್ನು ತಾಳಿಕೊಳ್ಳುತ್ತದೆ. ಲ್ಯೂಕಾಸ್ ಬಣ್ಣದ ಕ್ರಮವಿರುವ ಕಾರುಗಳಲ್ಲಿ ನೀಲಿ-ಬಿಳಿ ತಂತಿ ಹೈ ಬೀಮಿನದು, ನೀಲಿ-ಕೆಂಪು ತಂತಿ ಲೋ ಬೀಮಿನದು; ಅವನ್ನು ಗುರುತಿಸಿ ರಿಲೇಯ 86ಕ್ಕೆ ಕೊಡಬಹುದು. ಆದರೆ ನಲವತ್ತು ವರ್ಷಗಳಲ್ಲಿ ಎಷ್ಟು ಕೈಗಳು ಆ ವೈರಿಂಗನ್ನು ಮುಟ್ಟಿವೆಯೋ ತಿಳಿಯದ ಕಾರಣ, ಬಣ್ಣವನ್ನು ನಂಬುವ ಮೊದಲು ಟೆಸ್ಟ್ ಲ್ಯಾಂಪಿನಿಂದ ಖಚಿತಪಡಿಸಿಕೊಳ್ಳಿ. ರಿಲೇಗಳನ್ನು ಕಾಲುಗಳು ಕೆಳಮುಖವಾಗುವಂತೆ, ರೇಡಿಯೇಟರಿನ ಬಿಸಿ ಮತ್ತು ಚಕ್ರದಿಂದ ಸಿಡಿಯುವ ನೀರು ತಾಗದ ಕಡೆ ಕೂರಿಸಬೇಕು. ಕರಾವಳಿಯವರು, ಮಲೆನಾಡಿನವರು ಈ ಮಾತನ್ನು ಇನ್ನಷ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಸ್ವಿಚ್ಚು ಇರುವುದು ಅರ್ಥ್‌ನ ಕಡೆ. ಅಂತಹ ಕಾರಿಗೆ ಸಾಮಾನ್ಯ ಕಿಟ್ಟು ಹೊಂದುವುದಿಲ್ಲ. ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ಕಾರಿನಲ್ಲಿ ಇದೆಲ್ಲ ಮುಗಿದ ಮೇಲೆ ಅದೇ 60/55 ವಾಟಿನ ಬಲ್ಬುಗಳಿಗೆ 13.4 ವೋಲ್ಟ್ ಸಿಕ್ಕಿತು. ಮೊದಲಿನ 11.6ಕ್ಕೆ ಹೋಲಿಸಿದರೆ ಬೆಳಕು ಸುಮಾರು 1.6 ಪಟ್ಟು. ಒಂದೇ ಒಂದು ಬಲ್ಬನ್ನೂ ಬದಲಿಸದೆ ದೊರೆತ ಲಾಭವಿದು. ಇದಕ್ಕೆ ಅಂಟಿಕೊಂಡ ಒಂದು ಎಚ್ಚರಿಕೆಯಿದೆ: ಬಲ್ಬಿನ ಆಯುಸ್ಸು ವೋಲ್ಟೇಜಿಗೆ ಇನ್ನೂ ಹೆಚ್ಚು ಸೂಕ್ಷ್ಮವಾಗಿದ್ದು, ವೋಲ್ಟೇಜು ನೂರಕ್ಕೆ ಐದು ಏರಿದರೆ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಚಾರ್ಜಿನ ವೋಲ್ಟೇಜನ್ನು ಹಿಡಿತದಲ್ಲಿಡುವ ಹಳೆಯ ರೆಗ್ಯುಲೇಟರು 14.4 ವೋಲ್ಟಿಗಿಂತ ಹೆಚ್ಚು ಬಿಡುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ನೂರು ವಾಟಿನ ಬಲ್ಬು

100/90 ವಾಟಿನ ಬಲ್ಬನ್ನು ರಿಲೇ ಇಲ್ಲದೆ ಹಾಕುವುದು ಎಲ್ಲ ದಾರಿಗಳಲ್ಲೂ ಕೆಟ್ಟದ್ದು. ಎರಡು ಬಲ್ಬಿಗೆ 16.7 ಆಂಪಿಯರ್ ಬೇಕು. ನನ್ನ ಕಾರಿನ ಹಳೆಯ ವೈರಿಂಗಿನಲ್ಲಿ ಇದನ್ನು ಹಾಕಿದ್ದರೆ ನಷ್ಟ 3.5 ವೋಲ್ಟಿನ ಆಸುಪಾಸಿಗೆ ಏರಿ, ಬಲ್ಬಿಗೆ 10.3 ವೋಲ್ಟ್ ಮಾತ್ರ ಸಿಗುತ್ತಿತ್ತು. ಸ್ಥೂಲವಾಗಿ ಲೆಕ್ಕ ಹಾಕಿದರೆ 60 ವಾಟಿನ ಬಲ್ಬಿಗಿಂತ ನೂರಕ್ಕೆ ಹತ್ತು ಹನ್ನೆರಡರಷ್ಟು ಮಾತ್ರ ಹೆಚ್ಚು ಬೆಳಕು. ತಂತಿಯಲ್ಲಿನ ಶಾಖವಾದರೋ ಎರಡೂವರೆ ಪಟ್ಟಿಗೂ ಹೆಚ್ಚು. ರಿಲೇ ಹಾಕಿದ ಮೇಲೆ ವೈರಿಂಗಿನ ಅಪಾಯ ಹೋಗುತ್ತದೆಯಾದರೂ ರಿಫ್ಲೆಕ್ಟರಿನ ಲೇಪ ಮತ್ತು ಹೋಲ್ಡರು ಅಷ್ಟು ಬಿಸಿಗೆ ತಯಾರಾದವಲ್ಲ, ಎದುರಿನವರ ಕಣ್ಣಿಗೂ ಅದು ಹಿಂಸೆ. ಈ ಬಲ್ಬು ಬಯಲಿನ ರ‍್ಯಾಲಿಗಳಿಗೆ ಮೀಸಲಾಗಿರಲಿ.

ಎಲ್‌ಇಡಿ ಬಲ್ಬು

ಎಲ್‌ಇಡಿ ಕಡಿಮೆ ಕರೆಂಟು ಎಳೆಯುತ್ತದೆ, ಆದ್ದರಿಂದ ರಿಲೇಯೇ ಬೇಡ ಎಂಬ ಮಾತಿನಲ್ಲಿ ಸತ್ಯವಿದೆ. ತೊಂದರೆ ಇರುವುದು ಬೆಳಕಿನ ಆಕಾರದಲ್ಲಿ. ಹ್ಯಾಲೊಜನ್ ತಂತುವಿಗಾಗಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಚಪ್ಪಟೆ ಪಟ್ಟಿಯ ಎಲ್‌ಇಡಿ ಕೂರಿಸಿದರೆ ಬೆಳಕು ಬೇಕಾದಲ್ಲಿ ಬೀಳದೆ ಮೇಲಕ್ಕೂ ಪಕ್ಕಕ್ಕೂ ಚದುರುತ್ತದೆ. ಓಡಿಸುವವರಿಗೆ ಹತ್ತಿರದ ನೆಲ ಬೆಳ್ಳಗೆ ಕಾಣುತ್ತದೆ, ದೂರದ ರಸ್ತೆ ಕಾಣುವುದಿಲ್ಲ, ಎದುರಿನವರು ಕುರುಡಾಗುತ್ತಾರೆ. ಕರ್ನಾಟಕದ ಪೊಲೀಸರು 2024ರಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಪಾಸಿಟಿವ್ ಅರ್ಥ್ ಇರುವ (ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುವ) ಬಹಳ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯ ಎಲ್‌ಇಡಿ ಕೆಲಸವನ್ನೇ ಮಾಡುವುದಿಲ್ಲ. ನನ್ನ ಮಟ್ಟಿಗೆ ಇದು ಹಳೆಯ ದೀಪಕ್ಕೆ ಹೇಳಿದ್ದಲ್ಲ.

ಡೈನಮೋ ಇರುವ ಕಾರು

ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಬದಲು ಹಳೆಯ ಬಗೆಯ ಡೈನಮೋ ಇರುವ ಕಾರಿನಲ್ಲಿ ಲೆಕ್ಕ ಬೇರೆಯಾಗುತ್ತದೆ. ಲ್ಯೂಕಾಸ್‌ನ ಸಿ40 ಮಾದರಿಯ ಡೈನಮೋ ವೇಗವಾಗಿ ಓಡುವಾಗಲೂ ಕೊಡುವುದು ಸುಮಾರು 22 ಆಂಪಿಯರ್. ಐಡ್ಲಿಂಗ್‌ನಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ. ಹೆಡ್‌ಲೈಟಿಗೆ 10, ವೈಪರು, ಹಿಂದಿನ ದೀಪ, ಇಗ್ನಿಷನ್ನಿಗೆ ಇನ್ನಷ್ಟು ಹೋದರೆ ಬ್ಯಾಟರಿಗೆ ಉಳಿಯುವುದು ಅಲ್ಪ. ರಿಲೇ ವೋಲ್ಟೇಜನ್ನು ಉಳಿಸುತ್ತದೆಯೇ ಹೊರತು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಅಂತಹ ಕಾರಿಗೆ ಮೊದಲ ದಾರಿಯ ಜೊತೆ 45/40 ವಾಟಿನ ಬಲ್ಬು ಮತ್ತು ರಿಲೇ ಇಟ್ಟುಕೊಳ್ಳುವುದು ಹೆಚ್ಚು ಹೊಂದುತ್ತದೆ. ಹ್ಯಾಲೊಜನ್ ಬೇಕೇ ಬೇಕೆಂದರೆ ಆಲ್ಟರ್ನೇಟರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಡ್ಯಾಶ್‌ಬೋರ್ಡಿನಲ್ಲಿ ಆಮ್ಮೀಟರ್ (ಕರೆಂಟು ತೋರಿಸುವ ಮೀಟರ್) ಇರುವವರಿಗೆ ಇನ್ನೊಂದು ವಿಷಯ: ರಿಲೇಯ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟಿದರೆ ದೀಪಕ್ಕೆ ಹೋಗುವ ಕರೆಂಟೂ ಆಮ್ಮೀಟರಿನಲ್ಲಿ ಚಾರ್ಜಿನಂತೆ ಕಾಣುತ್ತದೆ.

ರಿಲೇ ಹಾಕಿದ ಸಂಜೆಯೇ ಮಾಡಬೇಕಾದ ಕೆಲಸ

ಮಂಕಾಗಿದ್ದಾಗ ದೀಪದ ದಿಕ್ಕು ಸ್ವಲ್ಪ ತಪ್ಪಿದ್ದರೂ ಯಾರಿಗೂ ತಿಳಿಯುವುದಿಲ್ಲ. ಬೆಳಕು ಒಂದೂವರೆ ಪಟ್ಟು ಹೆಚ್ಚಿದ ಮೇಲೆ ಅದೇ ತಪ್ಪು ಎದುರಿನವರಿಗೆ ಅಪಾಯವಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮದ ಪ್ರಕಾರ, ದೀಪದ ಮುಂದೆ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕು. ಸಮತಟ್ಟಾದ ನೆಲದಲ್ಲಿ, ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಕಾರನ್ನು ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ. ನೆಲದಿಂದ ದೀಪದ ನಡುಬಿಂದು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಲೋ ಬೀಮಿನ ಮೇಲಂಚು ಆ ಗೆರೆಗಿಂತ ಸುಮಾರು ಏಳೂವರೆ ಸೆಂಟಿಮೀಟರ್ ಕೆಳಗೆ ಬರುವವರೆಗೆ ದೀಪದ ಸ್ಕ್ರೂಗಳನ್ನು ತಿರುಗಿಸಿ. ಒಂದು ದೀಪವನ್ನು ಸರಿಪಡಿಸುವಾಗ ಇನ್ನೊಂದರ ಮೇಲೆ ದಪ್ಪ ಬಟ್ಟೆ ಹಿಡಿದಿದ್ದು, ಕೆಲಸ ಮುಗಿದೊಡನೆ ತೆಗೆದುಬಿಡಿ. ಹ್ಯಾಲೊಜನ್ ದೀಪದ ಗಾಜು ಬೇಗನೆ ತುಂಬ ಬಿಸಿಯಾಗುತ್ತದೆ.